ಕಾಂಕ್ರೀಟ್ ಸೀಲಿಂಗ್‌ಗೆ ಗಮ್ ಟೇಪಿನ ಕೇಸಿಂಗ್ ಪಟ್ಟಿ: ಪಟ್ಟಿ ಚೆನ್ನ, ಗಮ್ಮನ್ನು ನೆಚ್ಚಬೇಡಿ

ವೈರ್ ಹಾಯಿಸಲು ತಳಪಟ್ಟಿ (ಬೇಸ್) ಮತ್ತು ಮುಚ್ಚಳವಿರುವ, ಹಿಂಬದಿಯಲ್ಲಿ ಗಮ್ ಟೇಪ್ ಇರುವ ಪಿವಿಸಿ ಕೇಸಿಂಗ್-ಕ್ಯಾಪಿಂಗ್ ಪಟ್ಟಿಗಳನ್ನು ‘ಡ್ರಿಲ್ ಬೇಡ, ಕಾಗದ ಸುಲಿದು ಅಂಟಿಸಿದರಾಯಿತು’ ಎಂದೇ ಮಾರುತ್ತಾರೆ. ಟೈಲ್ಸ್‌ಗೆ, ಪಾಲಿಶ್ ಹಾಕಿದ ಮರಕ್ಕೆ ಆ ಮಾತು ಸರಿ. ಕಾಂಕ್ರೀಟ್ ಸೀಲಿಂಗ್‌ಗೆ ಒಪ್ಪುವುದಿಲ್ಲ. ಹಾಗೆಂದು ಪಟ್ಟಿಯನ್ನೇ ಬಿಡಬೇಕಿಲ್ಲ. ಸ್ಲ್ಯಾಬ್ ಹಾಕುವಾಗ ಪೈಪ್ ಬಿಡದ ಜಾಗದಲ್ಲಿ ಲೈಟ್ ಬೇಕೆಂದರೆ, ಫಾಲ್ಸ್ ಸೀಲಿಂಗ್ ಬಿಟ್ಟರೆ ಇಷ್ಟು ಅಚ್ಚುಕಟ್ಟಾದ ಉಪಾಯ ಬೇರೆ ಇಲ್ಲ. ಸ್ಲ್ಯಾಬಿನ ಅಡಿಯಲ್ಲಿ ಗ್ರೂವ್ ಕೊರೆದು ವೈರ್ ಹೂಳುವ ಯೋಚನೆಯಂತೂ ಬೇಡವೇ ಬೇಡ. ಒಳಗಿನ ಸರಳಿಗೆ ರಕ್ಷಣೆಯಾಗಿ ಇರುವುದೇ ಸುಮಾರು 20 ಮಿಮೀ ಕಾಂಕ್ರೀಟ್. ಅದನ್ನು ಕೊರೆದರೆ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ.

ಗಮ್ ಸೋಲುವುದೇಕೆ ಎಂಬುದು ಬಿದ್ದ ಪಟ್ಟಿಯ ಬೆನ್ನು ನೋಡಿದರೆ ತಿಳಿಯುತ್ತದೆ: ಟೇಪಿನ ಉದ್ದಕ್ಕೂ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ಗಮ್ ಹಿಡಿದದ್ದು ಸುಣ್ಣವನ್ನೋ ಡಿಸ್ಟೆಂಪರನ್ನೋ. ಅದು ಪದರವಾಗಿ ಎದ್ದು ಬಂದಿದೆ. ಸೆಕೆಗಾಲದಲ್ಲಿ ಗಮ್ ಮೆತ್ತಗಾಗುವುದು, ವೈರಿನ ಭಾರ ಹಗಲೂ ರಾತ್ರಿ ಕೆಳಕ್ಕೆ ಜಗ್ಗುವುದು ಇದಕ್ಕೆ ಸೇರುತ್ತವೆ. ಆದ್ದರಿಂದ ಗಮ್ಮಿನ ಕೆಲಸ ಸ್ಕ್ರೂ ಬಿಗಿಯುವ ತನಕ ಪಟ್ಟಿಯನ್ನು ಹಿಡಿದುಕೊಳ್ಳುವುದು, ಅಷ್ಟೇ. ಏಣಿಯ ಮೇಲೆ ಒಬ್ಬರೇ ನಿಂತಾಗ ಅದೂ ಸಣ್ಣ ಉಪಕಾರವಲ್ಲ.

ಅಳತೆಯಲ್ಲಿ ಹೆಚ್ಚಿನವರು ಬೇಕಾದ್ದಕ್ಕಿಂತ ದಪ್ಪದ್ದನ್ನೇ ಕೊಳ್ಳುತ್ತಾರೆ. ಒಂದು ಲೈಟಿಗೆ ಫೇಸ್, ನ್ಯೂಟ್ರಲ್, ಅರ್ಥ್ ಎಂದು 1.5 ಚದರ ಮಿಮೀ ವೈರ್ ಮೂರು ಸಾಕು. ಒಂದೊಂದರ ಹೊರಸುತ್ತಿನ ದಪ್ಪ ಸುಮಾರು 3 ಮಿಮೀ. 20×10 ಮಿಮೀ ಪಟ್ಟಿಯಲ್ಲಿ ಇವು ಸಲೀಸಾಗಿ ಕೂರುತ್ತವೆ, ಎರಡನೇ ಸ್ವಿಚ್ಚಿಗೆ ಇನ್ನೊಂದು ವೈರಿಗೂ ಜಾಗ ಉಳಿಯುತ್ತದೆ. ಒಳಜಾಗದ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮುಚ್ಚಳ ಉಬ್ಬುತ್ತದೆ. ಸೀಲಿಂಗ್‌ನಲ್ಲಿ ಉಬ್ಬಿದ ಮುಚ್ಚಳ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ಪರೀಕ್ಷಿಸಬೇಕಾದ್ದೂ ಮುಚ್ಚಳವನ್ನೇ. ಬೇಸ್‌ಗೆ ಒತ್ತಿದಾಗ ‘ಟಕ್’ ಎಂದು ಕೂರಬೇಕು, ಪಟ್ಟಿಯನ್ನು ತುಸು ತಿರುಚಿದರೂ ಕಳಚಬಾರದು. ಅಂಚನ್ನು ಬಗ್ಗಿಸಿದ ಕೂಡಲೇ ಬಿಳಿ ಗೆರೆ ಮೂಡಿ ಸೀಳು ಬಿಟ್ಟರೆ ಅದು ಕಳಪೆ ಮಾಲು.

ಕೂರಿಸುವ ಕ್ರಮಕ್ಕೆ ಬರೋಣ. ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಆಫ್ ಮಾಡಿ, ಟೆಸ್ಟರಿನಿಂದ ನೋಡಿ, ಆಮೇಲೆ ಕೈ ಹಾಕಿ. ಸೀಲಿಂಗ್‌ಗೆ ಸುಣ್ಣದ ದಾರ ಹೊಡೆದು ಗೆರೆ ಮಾಡಿಕೊಳ್ಳಿ. ಕಣ್ಣಂದಾಜಿನ ಗೆರೆ ಕೆಳಗಿನಿಂದ ಸೊಟ್ಟಗೆ ಕಂಡೇ ಕಾಣುತ್ತದೆ. ಬೇಸ್‌ನಲ್ಲಿ ಎರಡೂ ತುದಿಯಿಂದ 5 ಸೆಂಮೀ ಬಿಟ್ಟು, ನಡುವೆ 40 ಸೆಂಮೀಗೊಂದರಂತೆ 4 ಮಿಮೀ ತೂತು ಹಾಕಿ. ಕಾಗದ ಸುಲಿಯದೆ ಸೀಲಿಂಗ್‌ಗೆ ಹಿಡಿದು ಗುರುತು ಮಾಡಿ. ನಂತರ 6 ಮಿಮೀ ಡ್ರಿಲ್ ಬಿಟ್‌ನಲ್ಲಿ 30 ಮಿಮೀ ಆಳ ಕೊರೆದು, ಧೂಳು ತೆಗೆದು, ಸ್ಕ್ರೂ ಹಿಡಿಯುವ 25 ಮಿಮೀ ಪ್ಲಾಸ್ಟಿಕ್ ಪ್ಲಗ್ ಕೂರಿಸಿ. ಆಮೇಲೆ ಪಟ್ಟಿ ಅಂಟಿಸಿ, ಅಗಲ ತಲೆಯ 3.5 ಮಿಮೀ ಸ್ಕ್ರೂ ಬಿಗಿಯಿರಿ. ಅವಸರಕ್ಕೆ ಬೇಸ್‌ನ ಮೇಲಿಂದಲೇ 6 ಮಿಮೀ ಬಿಟ್ ಇಳಿಸುವವರಿದ್ದಾರೆ. ತೂತು ದೊಡ್ಡದಾಗಿ ಸ್ಕ್ರೂ ತಲೆ ನುಸುಳುತ್ತದೆ, ಪಟ್ಟಿ ಜೋತುಬೀಳುತ್ತದೆ. ಬಿಟ್ ಸರಳಿಗೆ ತಾಗಿ ನಿಂತರೆ ಗುದ್ದಾಡದೆ ಗೆರೆಯ ಮೇಲೇ 2–3 ಸೆಂಮೀ ಸರಿಯಿರಿ. ಫ್ಯಾನ್ ಬಾಕ್ಸಿನ ಸುತ್ತಮುತ್ತ ಸ್ಲ್ಯಾಬಿನೊಳಗೇ ಪೈಪ್ ಹಾದಿರುತ್ತದೆ, ಅಲ್ಲಿ ಕೊರೆಯಬೇಡಿ. ಪೋಸ್ಟ್ ಟೆನ್ಷನ್ ಸ್ಲ್ಯಾಬ್ (ಒಳಗೆ ಬಿಗಿಯಾಗಿ ಎಳೆದ ಉಕ್ಕಿನ ಕೇಬಲ್ ಇರುವಂಥದ್ದು) ಆದರೆ ಎಂಜಿನಿಯರನ್ನು ಕೇಳದೆ ಡ್ರಿಲ್ಲನ್ನೇ ಎತ್ತಬೇಡಿ.

ಗೋಡೆಯಲ್ಲಿ ಇಲ್ಲದ ಒಂದು ಪೀಕಲಾಟ ಸೀಲಿಂಗ್‌ನಲ್ಲಿದೆ: ಮುಚ್ಚಳ ಹಾಕುವ ಹೊತ್ತಿಗೆ ವೈರೆಲ್ಲ ಕೆಳಗೆ ಬಂದಿರುತ್ತದೆ. ಮುಚ್ಚಳದಿಂದಲೇ 3 ಸೆಂಮೀ ತುಂಡುಗಳನ್ನು ಕತ್ತರಿಸಿ ಅರ್ಧ ಮೀಟರಿಗೊಂದು ಸಿಕ್ಕಿಸಿದರೆ ವೈರ್ ನಿಲ್ಲುತ್ತದೆ. ಮುಚ್ಚಳ ಒತ್ತುತ್ತಾ ಬಂದಂತೆ ಒಂದೊಂದನ್ನೇ ತೆಗೆಯಿರಿ. ಎರಡು ಮುಚ್ಚಳ ಸೇರುವಲ್ಲಿ 3 ಮಿಮೀ ಸಂದು ಇರಲಿ. 2 ಮೀಟರ್ ಪಟ್ಟಿ 25 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ ಅಷ್ಟೇ ಹಿಗ್ಗುತ್ತದೆ.

ಜೊತೆಗೆ ಸಿಗುವ ಮೂಲೆ ತುಂಡುಗಳು ಮಾತ್ರ ನಿರಾಸೆ. ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆ ನೇರ 90 ಡಿಗ್ರಿ ಇರುವುದು ಅಪರೂಪ, ಆ ತುಂಡಿನ ಒಂದು ಕಡೆ ಬಾಯಿ ಬಿಟ್ಟೇ ಇರುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾದಿಂದ 45 ಡಿಗ್ರಿಗೆ ಕತ್ತರಿಸಿ, ಅಂಚಿಗೆ ಅರ ಆಡಿಸಿ ಜೋಡಿಸಿದರೆ ಚಂದ. ಅರ ಆಡಿಸದ ಅಂಚು ವೈರಿನ ಸಿಪ್ಪೆಯನ್ನು ಹೆರೆಯುತ್ತದೆ.

ವೈರಿನ ಜಾಯಿಂಟ್ ಪಟ್ಟಿಯೊಳಗೆ ಬೇಡ. ಲೈಟಿನ ಹಿಂದಿನ ಬಾಕ್ಸಿನಲ್ಲಿ ಕನೆಕ್ಟರ್ ಹಾಕಿ ಮಾಡಿ. ಲೈಟಿನ ಭಾರ ಸ್ಲ್ಯಾಬಿಗೆ ಹಾಕಿದ ಪ್ರತ್ಯೇಕ ಫಾಸ್ಟನರಿನ ಮೇಲಿರಲಿ. ಲೈಟಿನ ಬಾಡಿ ಲೋಹದ್ದಾದರೆ ಅದಕ್ಕೆ ಅರ್ಥ್ ತಪ್ಪಿಸಬೇಡಿ.

ಇಷ್ಟಾದರೂ ಹೊಳೆಯುವ ಬಿಳಿ ಪ್ಲಾಸ್ಟಿಕ್ ಎದ್ದು ಕಾಣುತ್ತದೆ. ಬೀಮಿನ ಪಕ್ಕದಲ್ಲೇ ಹಾಯಿಸಿದರೆ ಅರ್ಧ ಮರೆಯಾಗುತ್ತದೆ, ಉಳಿದರ್ಧ ಬಣ್ಣದ ಕೆಲಸ. 320 ನಂಬರಿನ ಎಮರಿ ಪೇಪರಿನಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಒಂದು ಕೋಟ್, ಮೇಲೆ ಸೀಲಿಂಗಿನದ್ದೇ ಮ್ಯಾಟ್ ಬಣ್ಣ ಎರಡು ಕೋಟ್. ಪ್ರೈಮರ್ ಬಿಟ್ಟರೆ ಬಣ್ಣ ಉಗುರಿಗೇ ಎದ್ದು ಬರುತ್ತದೆ. ಮುಂದೆ ಮುಚ್ಚಳ ತೆಗೆಯಬೇಕಾದಾಗ ಸಂದಿನ ಗುಂಟ ಮೊದಲು ಬ್ಲೇಡ್ ಎಳೆಯಿರಿ, ಇಲ್ಲವಾದರೆ ಸೀಲಿಂಗಿನ ಬಣ್ಣವೂ ಹಾಳೆಯಂತೆ ಕಿತ್ತು ಬರುತ್ತದೆ.