ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಎರಡು ಮಳೆಗಾಲ ಬಳಸಿದ ಮೇಲೆ

ಯಂತ್ರ ಹಳೆಯದು. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಅರ್ಧ ಗಂಟೆಯೂ ನಿಲ್ಲದ ಬ್ಯಾಟರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಮೊದಲೇ ಗೊತ್ತಿತ್ತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಯದೇ ಆಗಬೇಕು ಎನ್ನುತ್ತದೆ. ಶಿರಸಿ ಪೇಟೆಯ ಅಂಗಡಿಯವರು ಹೊಸದು ತೆಗೆದುಕೊಳ್ಳಿ ಎಂದರು. ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿದ ವರ್ಷ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. 240 ಜಿಬಿಯ ಎಸ್‌ಎಸ್‌ಡಿ ಒಂದನ್ನು ಹಾಕಿಸಿ, ಹಳೆಯ ವಿಂಡೋಸನ್ನು ಅದಕ್ಕೇ ನಕಲು ಮಾಡಿಸಿ, ಪಕ್ಕದಲ್ಲಿ ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ ಮಿಂಟ್ 21.3ರ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅಳವಡಿಸಿದೆ. ವಿಂಡೋಸನ್ನು ಉಳಿಸಿಕೊಂಡದ್ದು ತಂಗಿಯ ಟ್ಯಾಲಿ ಅಭ್ಯಾಸಕ್ಕಾಗಿ. ಟ್ಯಾಲಿ ಲಿನಕ್ಸ್‌ಗೆ ಬರುವುದಿಲ್ಲ.

ಮಿಂಟ್ ಚೆನ್ನಾಗಿದೆ. ಆದರೆ ಅದನ್ನು ಈ ಯಂತ್ರದೊಳಗೆ ನೆಲೆಗೊಳಿಸುವುದು ಅಂತರ್ಜಾಲದ ವಿಡಿಯೊಗಳು ತೋರಿಸುವಷ್ಟು ಸಲೀಸಲ್ಲ.

ಮೊದಲ ಗೊಂದಲ ಯಂತ್ರ ಯಾವುದರಿಂದ ಚಾಲೂ ಆಗಬೇಕೆಂದು ಆರಿಸುವ ಬೂಟ್ ಪಟ್ಟಿಯಲ್ಲಿ. ಮಿಂಟ್ ತುಂಬಿಸಿದ ಒಂದೇ ಪೆನ್‌ಡ್ರೈವ್ ಅಲ್ಲಿ ಎರಡು ಸಲ ಕಾಣುತ್ತದೆ: ಒಂದರ ಹಿಂದೆ ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ ಹೊಸ ರೀತಿ) ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ವಿಂಡೋಸ್ ಯುಇಎಫ್‌ಐ ರೀತಿಯಲ್ಲಿ ಇದ್ದರೆ ಮಿಂಟನ್ನೂ ಅದೇ ದಾರಿಯಿಂದ ಒಳಗೆ ತರಬೇಕು. ಹಾಗೆಯೇ ಮಾಡಿದೆ, ಅಳವಡಿಕೆ ಮುಗಿಯಿತು ಎಂಬ ಸಂದೇಶವೂ ಬಂತು. ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ನೇರ ವಿಂಡೋಸ್! ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್ ಒಳಗೆ ಹೋಗಿ ಹುಡುಕಿದರೆ ಮಿಂಟ್ ಎಂಬ ಹೆಸರೇ ಇಲ್ಲ, ಉಬುಂಟು ಎಂದಿದೆ. ಮಿಂಟ್ ಉಬುಂಟು ಎಂಬ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ್ದಾದ್ದರಿಂದ ಬೂಟ್ ಕಡತಗಳನ್ನು ಆ ಹೆಸರಿನ ಫೋಲ್ಡರಿನಲ್ಲೇ ಇಡುತ್ತದೆ. ಆ ಸಾಲನ್ನು ಮೇಲಕ್ಕೆ ತಂದು ಉಳಿಸಿದ ಮೇಲೆ ಎರಡೂ ವ್ಯವಸ್ಥೆಗಳ ಪಟ್ಟಿ ಕಾಣಿಸಿತು.

ವೈಫೈ ಇದಕ್ಕಿಂತ ಹಠಮಾರಿ. ಈ ಲ್ಯಾಪ್‌ಟಾಪಿನ ಚಿಪ್‌ಗೆ ಬೇಕಾದ ಡ್ರೈವರನ್ನು (ಅದನ್ನು ನಡೆಸುವ ತಂತ್ರಾಂಶವನ್ನು) ಬೇರೆಯಾಗಿ ಹಾಕಿಕೊಳ್ಳಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಬೇಕಾದದ್ದು ಅದೇ ವೈಫೈಯಿಂದ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಅದರ ಇಂಟರ್‌ನೆಟ್ ಹಂಚುವ ಟೆದರಿಂಗ್ ಒತ್ತಿದರೆ ಮಿಂಟ್ ತಕ್ಷಣ ಗುರುತಿಸುತ್ತದೆ, ಅದಕ್ಕೆ ಯಾವ ಡ್ರೈವರೂ ಬೇಡ. ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಕಿಟಕಿಯ ಬಳಿ ಮಾತ್ರ. ಕಿಟಕಿಯ ಸರಳಿಗೆ ಮೊಬೈಲ್ ಒರಗಿಸಿ, ಲ್ಯಾಪ್‌ಟಾಪನ್ನು ಅಡಿಕೆ ಚೀಲದ ಮೇಲಿಟ್ಟು, ಡ್ರೈವರ್ ಮ್ಯಾನೇಜರ್ ತೆರೆದು ಡ್ರೈವರ್ ಇಳಿಸಿದ್ದಾಯಿತು. ಆದರೂ ವೈಫೈ ಇಲ್ಲ.

ಕಾರಣ, ಸಹಿ ಇಲ್ಲದ ತಂತ್ರಾಂಶವನ್ನು ಚಾಲೂ ಆಗುವಾಗಲೇ ತಡೆಯುವ ಸೆಕ್ಯೂರ್ ಬೂಟ್. ಅದು ಚಾಲೂ ಇದ್ದರೆ, ಹೊರಗಿನಿಂದ ಸೇರಿಸಿದ ಇಂಥ ಡ್ರೈವರುಗಳ ಸಹಿಯನ್ನು ನಾವೇ ಒಪ್ಪಿಕೊಳ್ಳಬೇಕು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮುಂದಿನ ಸಲ ಯಂತ್ರ ಚಾಲೂ ಆಗುವಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀಲಿ ಒತ್ತಿ ಎಂದು ಹತ್ತು ಸೆಕೆಂಡು ಕಾಯುತ್ತದೆ. ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗುತ್ತದೆ, ಮರುದಿನ ಮತ್ತೆ ಕೇಳುವುದೂ ಇಲ್ಲ. ಒತ್ತಿದವರು ಎನ್‌ರೋಲ್ ಎಂಬ ಸಾಲನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಪರದೆ ತಪ್ಪಿಹೋಗಿದ್ದರೆ ಆಜ್ಞೆ ಬರೆಯುವ ಟರ್ಮಿನಲ್‌ನಲ್ಲಿ ಮೊಕ್‌ಯುಟಿಲ್ ಎಂಬ ಆಜ್ಞೆ ಬಳಸಿ ಆ ಸಹಿಯ ಕೀಲಿಯನ್ನು ಮತ್ತೆ ಸರದಿಗೆ ಹಾಕಬಹುದು. ಇಷ್ಟು ಮುಖ್ಯವಾದ ಪ್ರಶ್ನೆಯನ್ನು ಇಷ್ಟು ಅವಸರದಲ್ಲಿ ಕೇಳುವ ಏರ್ಪಾಡು ಯಾರಿಗೆ ಹೊಳೆಯಿತೋ! ಸಹಿ ಒಪ್ಪಿದ ಮೇಲೆ ಮಾತ್ರ ವೈಫೈ ಒಮ್ಮೆಯೂ ಕೈಕೊಟ್ಟಿಲ್ಲ, ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಬಂದಾಗಲೆಲ್ಲ ಡ್ರೈವರ್ ತಾನಾಗಿ ಮರುಜೋಡಣೆಯಾಗುತ್ತದೆ.

ಎರಡು ವ್ಯವಸ್ಥೆಗಳನ್ನು ಜೊತೆಗೆ ಇಟ್ಟವರಿಗೆ ಎರಡು ಸಣ್ಣ ಕಿರಿಕಿರಿಗಳು. ಮಿಂಟ್‌ನಿಂದ ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ತಾಸು ಹಿಂದಿರುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯವನ್ನೇ ಇಡು ಎಂದು ಮಿಂಟ್‌ಗೆ ಒಂದು ಆಜ್ಞೆ ಕೊಟ್ಟರೆ ಮುಗಿಯಿತು. ಇನ್ನೊಂದು, ವಿಂಡೋಸನ್ನು ಬೇಗ ಚಾಲೂ ಮಾಡುವ ಫಾಸ್ಟ್ ಸ್ಟಾರ್ಟಪ್ ಏರ್ಪಾಡನ್ನು ನಿಲ್ಲಿಸದಿದ್ದರೆ ಅದರ ಡ್ರೈವ್‌ಗಳು ಮಿಂಟ್‌ನಲ್ಲಿ ಓದಲು ಮಾತ್ರ ಸಿಗುತ್ತವೆ.

ಅಪ್ಪಯ್ಯನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ವರ್ಷಗಟ್ಟಲೆ ಕುಟ್ಟಿದ ಟಿಪ್ಪಣಿಗಳಿವೆ. "ನನ್ನ ಭೀಷ್ಮಪರ್ವ ತೆರೆದು ತೋರಿಸು, ಉಳಿದದ್ದು ಆಮೇಲೆ" ಎಂದರು. ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಪುಟದ ತುಂಬ ಟೋಪಿ, ಗೀಟು ಹೊತ್ತ ರೋಮನ್ ಅಕ್ಷರಗಳು. ಹಳೆಯ ನುಡಿಯ ಬರಹ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ವಿಂಡೋಸಿನಿಂದ ನುಡಿಯ ಫಾಂಟ್ ಕಡತಗಳನ್ನು ತಂದು ಮಿಂಟ್‌ನ ಫಾಂಟ್ ಫೋಲ್ಡರಿಗೆ ಹಾಕಿ, ಲಿಬ್ರೆಆಫೀಸನ್ನು ಮುಚ್ಚಿ ತೆರೆದಾಗ ಭೀಷ್ಮ ಮಾತನಾಡತೊಡಗಿದ. ಆದರೆ ಅದೇ ಕಡತದಲ್ಲಿ ಹೊಸದಾಗಿ ಬೆರಳಚ್ಚು ಮಾಡಿದರೆ ಎರಡು ಬಗೆಯ ಅಕ್ಷರ ಬೆರೆತು ಕಲಸುಮೇಲೋಗರ. ಆದ್ದರಿಂದ ತಿದ್ದಬೇಕಾದವನ್ನೆಲ್ಲ ಪರಿವರ್ತಕದಿಂದ ಯೂನಿಕೋಡಿಗೆ ತಂದಿದ್ದೇವೆ. ಅರ್ಕಾವೊತ್ತು ಕೆಲವೆಡೆ ಜಾರುತ್ತದೆ, ಕಣ್ಣಾಡಿಸಲೇಬೇಕು.

ಬೆರಳಚ್ಚಿಗೆ ಐಬಸ್ ಎಂಬ ಬೆರಳಚ್ಚು ತಂತ್ರಾಂಶದ ಜೊತೆಗೆ, ಹಲವು ಭಾಷೆಗಳ ಕೀಲಿಮಣೆಗಳನ್ನು ಕೊಡುವ ಎಂ17ಎನ್ ಹಾಕಿ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯ ಕೀಲಿಮಣೆಯೇ ಬರುತ್ತದೆ. ಒತ್ತಿಗೆ ಎಫ್ ಕೀಲಿ ಒತ್ತಿದ ಅಪ್ಪಯ್ಯನ ಬೆರಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಅವರು ಮಿಂಟನ್ನು ಒಪ್ಪಿಕೊಂಡದ್ದು ಆ ಹೊತ್ತಿಗೆ.

ದಿನಬಳಕೆಯ ವಿಷಯದಲ್ಲಿ ಹೇಳುವುದು ಕಡಿಮೆ. ಚಾಲೂ ಆದಾಗ ಒಂದು ಜಿಬಿ ಆಸುಪಾಸು ರ‍್ಯಾಮ್ ತಿನ್ನುತ್ತದೆ, ಉಳಿದದ್ದನ್ನು ಬ್ರೌಸರ್ ತಿನ್ನುತ್ತದೆ. ಅಪ್‌ಡೇಟ್ ನಾವು ಹೇಳಿದಾಗಲೇ ಆಗುತ್ತದೆ. ಜೂನ್, ಜುಲೈಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ, ಮೊಬೈಲ್ ಡೇಟಾದ ಮೇಲೆ ಬದುಕುವವರಿಗೆ, ಇದೊಂದೇ ಗುಣಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. 22ನೇ ಆವೃತ್ತಿಗೆ ಏರಿಸುವಾಗ ಮಾತ್ರ ಲ್ಯಾಪ್‌ಟಾಪನ್ನು ಪೇಟೆಯ ಮಾವನ ಮನೆಯ ಫೈಬರ್‌ಗೆ ಒಯ್ದೆ. ಏರಿಸುವ ಮೊದಲು ಟೈಮ್‌ಶಿಫ್ಟ್ ಎಂಬ ಮಿಂಟ್‌ನ ಉಪಕರಣದಲ್ಲಿ ವ್ಯವಸ್ಥೆಯ ಪ್ರತಿ ತೆಗೆದಿಟ್ಟುಕೊಳ್ಳಿ. 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ.

ಬಗೆಹರಿಯದೆ ಉಳಿದದ್ದು ಪ್ರಿಂಟರ್. ನಮ್ಮಲ್ಲಿದ್ದ ಹಳೆಯ ಲೇಸರ್ ಪ್ರಿಂಟರ್ ಒಂದು ಪುಟ ಮುದ್ರಿಸಿ ಮುಂದಿನದಕ್ಕೆ ನಿಂತುಬಿಡುತ್ತದೆ, ಯಾವ ಡ್ರೈವರ್ ಹಾಕಿದರೂ ಅಷ್ಟೇ. ಅದನ್ನು ಮಾವನಿಗೆ ಕೊಟ್ಟೆವು, ಅವರದು ವಿಂಡೋಸ್. ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬಿಯ ಮೇಲೆ ಏರ್‌ಪ್ರಿಂಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಅಂಥವು ಸಾಮಾನ್ಯವಾಗಿ ಡ್ರೈವರಿನ ಗೊಡವೆಯಿಲ್ಲದೆ ಮಿಂಟ್‌ನಲ್ಲಿ ಓಡುತ್ತವೆ.