ಕಡಲಕೆರೆಯ ಜೋಡುಕರೆ: ಎಲ್ಲಿ ನಿಲ್ಲಬೇಕು, ಯಾವಾಗ ಹೋಗಬೇಕು

ಕಂಬಳ ನೋಡಲು ಮಂಗಳೂರು ಪೇಟೆಯವರಿಗೆ ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಕರೆ (ಕೋಣಗಳು ಓಡುವ ಕೆಸರಿನ ಹಾದಿ) ಹತ್ತಿರ, ಉಡುಪಿಯವರಿಗೆ ಕಟಪಾಡಿಯ ಮೂಡು-ಪಡು ಹತ್ತಿರ. ಆದರೂ ಇಡೀ ಸೀಸನ್ನಿನಲ್ಲಿ ಒಂದೇ ಕಂಬಳಕ್ಕೆ ಪುರುಸೊತ್ತು ಇದ್ದರೆ ಮೂಡುಬಿದಿರೆ ಒಂಟಿಕಟ್ಟೆಯ ಕಡಲಕೆರೆ ನಿಸರ್ಗಧಾಮದ ಕೋಟಿ-ಚೆನ್ನಯ ಜೋಡುಕರೆಗೆ (ಎರಡು ಕರೆ ಅಕ್ಕಪಕ್ಕ ಇರುವ ಕಂಬಳಕ್ಕೆ) ಹೋಗುವುದು ಒಳ್ಳೆಯದು. ಸುತ್ತ ಜಾಗ ಧಾರಾಳ, ದೊಡ್ಡ ದೊಡ್ಡ ಯಜಮಾನರ ಕೋಣಗಳೆಲ್ಲ ಇಲ್ಲಿಗೆ ಬರುತ್ತವೆ, ಟಿಕೆಟ್ ಇಲ್ಲ.

ಬೆಂಗಳೂರು, ಮೈಸೂರಿನ ಕುದುರೆ ರೇಸ್ ನೋಡಿ ಅಭ್ಯಾಸವಿದ್ದವರು ಒಂದೆರಡು ವಿಷಯ ಮರೆತು ಬರಬೇಕು. ಇಲ್ಲಿ ಸುತ್ತು ಹಾಕುವ ಟ್ರ್ಯಾಕ್ ಇಲ್ಲ, ಬೆನ್ನೇರಿ ಕೂರುವ ಜಾಕಿಯೂ ಇಲ್ಲ, ಓಟಗಾರ ಇರುವುದು ಜೋಡಿ ಕೋಣಗಳ ಹಿಂದೆ. ಗಂತಿನಿಂದ (ಓಟ ಶುರುವಾಗುವ ತುದಿ) ಮಂಜೊಟ್ಟಿಗೆ (ಓಟ ಮುಗಿಯುವ ಏರು) ನೇರ ಓಟ, ಹೆಚ್ಚುಕಡಿಮೆ 140 ಮೀಟರ್. ಒಂದು ಓಟ ಹದಿಮೂರು-ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೊಬೈಲ್ ತೆಗೆದು ಕ್ಯಾಮೆರಾ ತೆರೆಯುವಷ್ಟರಲ್ಲಿ ಕೋಣಗಳು ಮಂಜೊಟ್ಟಿ ಹತ್ತಿರುತ್ತವೆ.

ಈ ಎರಡು ಸಾಲಿನ ಕರೆ ಬಹಳ ಹಳೆಯದೇನಲ್ಲ. ಗದ್ದೆಗೆ ಕೋಣ ಇಳಿಸುವ ಸಾಂಪ್ರದಾಯಿಕ ಕಂಬಳಕ್ಕೆ ಶತಮಾನಗಳ ಇತಿಹಾಸವಿದೆ. ಜೋಡುಕರೆಯ ಸ್ಪರ್ಧೆ ಬಜಗೋಳಿಯ ಲವ-ಕುಶ ಕಂಬಳದಿಂದ, 1970ರ ಆಸುಪಾಸಿನಲ್ಲಿ ಶುರುವಾಗಿ ಹಬ್ಬಿದ್ದು. ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಲವು ವರ್ಷ ಕಂಬಳದ ಭವಿಷ್ಯವೇ ತೂಗಾಡಿತು. ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆ ಬಂದು, ಅದನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿದ ಮೇಲೆ ಆ ಚಿಂತೆ ಕಳೆಯಿತು.

ಈಗ ಮುಖ್ಯ ವಿಷಯ: ಕರೆ. ಹೊರಗಿನಿಂದ ಬಂದವರು ಕೋಣ ನೋಡುತ್ತಾರೆ, ತಿಳಿದವರು ಮೊದಲು ಕರೆಯ ನೀರು ನೋಡುತ್ತಾರೆ. ನೀರು ಜಾಸ್ತಿಯಾದರೆ ಕಾಲು ಎಳೆಯುತ್ತದೆ, ಓಟಕ್ಕೆ ಒಳ್ಳೆಯ ಸಮಯ ಸಿಗುವುದಿಲ್ಲ. ಕಡಿಮೆಯಾದರೆ ಕೆಸರು ಅಂಟಾಗಿ ಗೊರಸು ಹಿಡಿಯುತ್ತದೆ, ಹಲಗೆಯಲ್ಲಿ ನೀರು ಚಿಮ್ಮುವುದೂ ಇಲ್ಲ. ಮರಳು ಬೆರೆತ, ತಳ ಗಟ್ಟಿ ಇರುವ ಕರೆಯಲ್ಲಿ ಮಾತ್ರ ಓಟಗಾರನ ಹೆಜ್ಜೆ ನಿಲ್ಲುತ್ತದೆ. ನೂರಾರು ಕೋಣಗಳು ಓಡಿದ ಮೇಲೆ ಎಂಥ ಕರೆಯಲ್ಲೂ ಗುಂಡಿ ಬೀಳುತ್ತದೆ. ಹಾಗಾಗಿ ಬೆಳಗ್ಗಿನ ಸಮಯವನ್ನೂ ನಡುರಾತ್ರಿಯ ಸಮಯವನ್ನೂ ಪಕ್ಕ ಪಕ್ಕ ಇಟ್ಟು ವಾದಿಸುವುದರಲ್ಲಿ ಅರ್ಥವಿಲ್ಲ.

ಕರೆಯಿಂದ ಕರೆಗೆ ಉದ್ದವೂ ಬೇರೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದು ಪತ್ರಿಕೆಗಳು ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿದವು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಮುಗಿಸಿದರು. ಮುಂದೆ ಎಳೆಯುವ ಎರಡು ಕೋಣಗಳನ್ನು ಬಿಟ್ಟು ಈ ಲೆಕ್ಕ ಹಾಕಬಾರದು. ಆದರೆ ಆ ವೇಗದಲ್ಲಿ ಬರಿಗಾಲಲ್ಲಿ, ಕೆಸರಿನಲ್ಲಿ, ಬೀಳದೆ ಓಡುವುದು ಬೇರೆಯೇ ವಿದ್ಯೆ.

ವಿಭಾಗ ಆರು: ಹಗ್ಗ (ಕೋಣಗಳಿಗೆ ಕಟ್ಟಿದ ಹಗ್ಗ ಹಿಡಿದು ಓಡುವುದು) ಮತ್ತು ನೇಗಿಲು (ಹಿಂದೆ ಕಟ್ಟಿದ ನೇಗಿಲು ಹಿಡಿದು ಓಡುವುದು), ಇವೆರಡರಲ್ಲೂ ಹಿರಿಯ-ಕಿರಿಯ; ಜೊತೆಗೆ ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಸಾಗುವ ಅಡ್ಡಹಲಗೆ, ಕನೆಹಲಗೆ. ನೇಗಿಲು ಕಿರಿಯದಲ್ಲಿ ಜೋಡಿಗಳು ಅತಿ ಹೆಚ್ಚು, ದಿನದ ಬಹುಪಾಲು ಅದಕ್ಕೇ ಹೋಗುತ್ತದೆ. ಮೊದಲ ಸಲ ಬಂದವರಿಗೆ ಬೇಸರ ಹುಟ್ಟಿಸುವುದೂ ಅದೇ. ಆ ಹೊತ್ತಿಗೆ ಹೋಗಿ 1430ರ ಸಾವಿರ ಕಂಬದ ಬಸದಿ ನೋಡಿ ಬರಬಹುದು, ದೂರವಿಲ್ಲ. ಹಗ್ಗ ಹಿರಿಯ ಮತ್ತು ನೇಗಿಲು ಹಿರಿಯದ ಸೆಮಿಫೈನಲ್, ಫೈನಲ್ ಬಿಡಬಾರದು. ಅಡ್ಡಹಲಗೆ, ಕನೆಹಲಗೆಗೆ ಬರುವ ಜೋಡಿಗಳು ಬೆರಳೆಣಿಕೆಯಷ್ಟು, ಹಾಗಾಗಿ ಮೈಕಿನಲ್ಲಿ ಕರೆದ ಕೂಡಲೇ ಕರೆಯ ಬದಿಗೆ ಬರಬೇಕು. ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಗಣನೆಗೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ಹಾಯಬೇಕು, 6.5 ಕೋಲು, 7.5 ಕೋಲು ಎಂದು ಎತ್ತರದ ಲೆಕ್ಕ. ಫೋಟೋ ತೆಗೆಯುವವರು ನಿಶಾನೆಯ ಓರೆಗೆ, ಕರೆಯಿಂದ ಹಿಂದೆ ಸರಿದು ನಿಲ್ಲಲಿ. ಲೆನ್ಸಿಗೆ ಪ್ಲಾಸ್ಟಿಕ್ ಕವರ್ ಬೇಕೇ ಬೇಕು.

ಮಂಜೊಟ್ಟಿಯ ಏರಿನ ಮೇಲೆ ಮಾತ್ರ ನಿಲ್ಲಬೇಡಿ. ಓಟ ಮುಗಿದರೂ ಕೋಣಗಳ ವೇಗ ಇಳಿಯುವುದು ಆ ಏರಿನಲ್ಲೇ, ಹಗ್ಗ ಕೈತಪ್ಪಿದರೆ ಅವು ಜನರ ಮಧ್ಯೆಯೇ ನುಗ್ಗುತ್ತವೆ. ಕರೆಯ ಉದ್ದದ ಬದಿಯಲ್ಲಿ, ಮಂಜೊಟ್ಟಿಗೆ ಮೂವತ್ತು-ನಲವತ್ತು ಮೀಟರ್ ಮೊದಲು ನಿಂತರೆ ಎರಡೂ ಜೋಡಿಗಳ ಪೈಪೋಟಿ ಸರಿಯಾಗಿ ಕಾಣುತ್ತದೆ. ಕೂದಲೆಳೆಯ ಅಂತರವಿದ್ದರೆ ಲೇಸರ್ ತೀರ್ಪು ಇದೆ, ಕೂಗಾಟಕ್ಕೆ ಕಾರಣವಿಲ್ಲ (ಆದರೂ ಕೂಗುತ್ತಾರೆ).

ದೊಡ್ಡ ದೂರು ಎಂದರೆ ತಡ. ಇದು ಎಲ್ಲ ಕರೆಗಳ ರೋಗ. ಓಟಕ್ಕೆ ಕಾಲು ನಿಮಿಷ, ಗಂತಿನಲ್ಲಿ ಕೋಣ ತಿರುಗಿಸಿ ನಿಲ್ಲಿಸಲು ಹತ್ತು ನಿಮಿಷ. ಒಂದು ಜೋಡಿ ನೇರ ನಿಂತಾಗ ಪಕ್ಕದ ಜೋಡಿ ಅಡ್ಡ ತಿರುಗುತ್ತದೆ, ಮೈಕಿನವರು ಬೇಡಿಕೊಳ್ಳುತ್ತಾರೆ, ವೇದಿಕೆಯಲ್ಲಿ ಗಣ್ಯರ ಸನ್ಮಾನ ಬೇರೆ. ಬೆಳಗ್ಗೆ ಶುರುವಾದ ಕಂಬಳ ಮರುದಿನ ಬೆಳಗಾದರೂ ಮುಗಿಯದೆ ಇರುವುದು ಇದರಿಂದಲೇ. ವಿವರಣೆ ಬಹುತೇಕ ತುಳುವಿನಲ್ಲಿ. ಗೊತ್ತಿಲ್ಲದವರು ಜೊತೆಗೆ ಒಬ್ಬ ಊರಿನವರನ್ನು ಕರೆದುಕೊಂಡು ಹೋಗುವುದು ಜಾಣತನ.

ಊಟಕ್ಕೆ ಚಿಂತೆ ಇಲ್ಲ: ಗೋಳಿಬಜೆ, ಚರುಮುರಿ, ಕಬ್ಬಿನ ಹಾಲು ರಾತ್ರಿಯಿಡೀ ಸಿಗುತ್ತವೆ. ಹಗಲಲ್ಲಿ ಟೊಪ್ಪಿ, ರಾತ್ರಿಗೆ ತೆಳು ಸ್ವೆಟರ್ ಇರಲಿ, ಬಿಳಿ ಬಟ್ಟೆ ಮನೆಯಲ್ಲೇ ಇರಲಿ. ಮಂಗಳೂರಿನಿಂದ ಕಾರ್ಕಳ ಬಸ್ಸು ಹತ್ತಿದರೆ ಮೂಡುಬಿದಿರೆ ಸುಮಾರು 35 ಕಿ.ಮೀ. ಫೈನಲ್ ನೋಡುವ ಮನಸ್ಸಿದ್ದರೆ ವಾಪಸ್ ಬರುವ ರಾತ್ರಿ ಬಸ್ಸನ್ನು ನಂಬಬೇಡಿ. ಸ್ವಂತ ಗಾಡಿ ತಂದವರು ಅದನ್ನು ಹೊರಗಿನ ಸಾಲಿನಲ್ಲಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿ.