ಗೇಮಿಂಗ್ ಪಿಸಿ ಆಡ್ತಾ ಆಡ್ತಾ ಆಫ್ ಆಗ್ತಿದ್ಯಾ, ಮೈಸೂರು ಸರಸ್ವತಿಪುರಂನ ಈ ಅಂಗಡಿಗೆ ಒಂದ್ಸಲ ತೋರಿಸಿ

ಮೊದ್ಲೇ ಹೇಳ್ಬಿಡ್ತೀನಿ, ಗೇಮ್ ಮಧ್ಯೆ ಪಿಸಿ ಟಪ್ ಅಂತ ಆಫ್ ಆಗಿ ತಾನಾಗೇ ಆನ್ ಆಗೋ ಕಾಟ ಯಾರಿಗಿದ್ಯೋ ಅವ್ರು ಧೈರ್ಯವಾಗಿ ಇಲ್ಲಿಗೆ ಹೋಗ್ಬೋದು. ಇವ್ರು ಪಾರ್ಟ್ ಮಾರೋಕೆ ಮುಂಚೆ ತೊಂದ್ರೆ ಎಲ್ಲಿದೆ ಅಂತ ಹುಡುಕ್ತಾರೆ, ಹುಡುಕಿದ್ದನ್ನ ನಮ್ಮ ಕಣ್ಣೆದುರಿಗೇ ತೋರಿಸ್ತಾರೆ. ನಾನು ಮಂಡ್ಯದಿಂದ ಕ್ಯಾಬಿನೆಟ್ ತಗೊಂಡು ಹೋಗಿದ್ದು, ಹೋಗಿದ್ದಕ್ಕೆ ಒಂಚೂರೂ ಬೇಜಾರಿಲ್ಲ.

ನಂದು 12ನೇ ಜನರೇಶನ್ ಇಂಟೆಲ್ ಐ5 ಪ್ರೊಸೆಸರ್, 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3080 ಗ್ರಾಫಿಕ್ ಕಾರ್ಡು. ಯೂಟ್ಯೂಬ್ ಇಡೀ ದಿನ ಓಡ್ಲಿ, ವಿಡಿಯೋ ಎಡಿಟಿಂಗ್ ಮಾಡ್ಲಿ ಏನೂ ಆಗಲ್ಲ, ದೊಡ್ಡ ಗೇಮ್ ಹಾಕಿದ್ರೆ ಮಾತ್ರ ಒಂದೊಂದ್ಸಲ ಹತ್ತೇ ನಿಮಿಷಕ್ಕೆ, ಒಂದೊಂದ್ಸಲ ಎರಡು ಗಂಟೆ ಚೆನ್ನಾಗಿ ಓಡಿದ್ಮೇಲೆ, ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಮೆಸೇಜ್ ಇಲ್ಲ. ಮುಂಚೆ ಬೇರೆ ಒಂದ್ಕಡೆ ತೋರಿಸ್ದಾಗ ವಿಂಡೋಸ್ ಫಾರ್ಮ್ಯಾಟ್ ಹೊಡೆದು ಕೊಟ್ರು, ಮನೆಗೆ ತಂದು ಆಡಿದ್ರೆ ಅದೇ ಕಥೆ, ವಾಪಸ್ ಹೋದ್ರೆ ಗ್ರಾಫಿಕ್ ಕಾರ್ಡ್ ಹೋಗಿದೆ ಹೊಸದು ಹಾಕ್ಸಿ ಅಂದ್ರು. ಏನ್ ಟೆಸ್ಟ್ ಮಾಡಿ ನೋಡಿದ್ರಿ ಅಣ್ಣ ಅಂತ ಕೇಳಿದ್ರೆ, ನೋಡಿದ್ರೇ ಗೊತ್ತಾಗುತ್ತೆ ಬಿಡಿ ಅಂದ್ರು. ಅಷ್ಟು ದುಡ್ಡಿನ ಕಾರ್ಡನ್ನ ಬರೀ ಬಾಯಿ ಮಾತಿಗೆ ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಫ್ರೆಂಡ್ಸೆಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗು ಅಂತಿದ್ರು, ಮೈಸೂರಲ್ಲಿರೋ ನಮ್ಮ ಭಾವ ಈ ಅಂಗಡಿ ಹೇಳಿದ್ರು.

ಇವ್ರು ಬೇರೆ ಥರ ಅನ್ನೋದು ಫೋನಲ್ಲೇ ಗೊತ್ತಾಯ್ತು. ಕಾರ್ಡ್ ಯಾವ್ದು ಅಂತ ಕೇಳೋಕೆ ಮುಂಚೆ ಅವ್ರು ಕೇಳಿದ್ದು, ಸರ್ ಹ್ಯಾಂಗ್ ಆಗಿ ನಿಲ್ಲುತ್ತಾ ಇಲ್ಲಾ ಪವರ್ರೇ ಕಟ್ ಆಗುತ್ತಾ, ಕಪ್ಪಾದಾಗ ಸೌಂಡ್ ಬರ್ತಿರುತ್ತಾ, ಫ್ಯಾನ್ ನಿಲ್ಲುತ್ತಾ, ಯುಪಿಎಸ್ ಮೇಲಿದ್ಯಾ ನೇರ ಪ್ಲಗ್ಗಲ್ಲಾ. ಆಮೇಲೆ ಬರುವಾಗ ಕ್ಯಾಬಿನೆಟ್ ಜೊತೆ ಪವರ್ ಕೇಬಲ್ಲು ಯುಪಿಎಸ್ಸು ಎರಡೂ ತನ್ನಿ, ಯಾವ ಗೇಮಲ್ಲಿ ಆಗುತ್ತೋ ಅದನ್ನ ಡಿಲೀಟ್ ಮಾಡ್ಬೇಡಿ ಅಂದ್ರು. ತೊಂದ್ರೆ ಅಂಗಡೀಲೂ ಕಾಣಿಸ್ಬೇಕಲ್ಲ, ಅದಕ್ಕೆ.

ಅಂಗಡೀಲಿ ಮೊದ್ಲು ಈವೆಂಟ್ ವ್ಯೂವರ್ ತೆಗೆದ್ರು, ಪಿಸೀಲಿ ಏನೇನಾಯ್ತು ಅಂತ ವಿಂಡೋಸ್ ಬರೆದಿಡೋ ಲಾಗ್ ಅದು. ಅದ್ರಲ್ಲಿ ಸಾಲು ಸಾಲಾಗಿ ಕರ್ನಲ್-ಪವರ್ 41. ಇದನ್ನ ನಾನೂ ನೋಡಿದ್ದೆ, ನೆಟ್ಟಲ್ಲಿ ಹುಡುಕಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅವ್ರು ಹೇಳಿದ್ದು ಇಷ್ಟೇ, 41 ಅಂದ್ರೆ ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ಮತ್ತೆ ಆನ್ ಆಗಿದೆ ಅಂತ, ಯಾಕೆ ಅಂತ ಅದು ಹೇಳಲ್ಲ. ಆದ್ರೆ ಅದರ ಡೀಟೇಲ್ಸಲ್ಲಿ ಬಗ್‌ಚೆಕ್‌ಕೋಡ್ ಅಂತ ಒಂದಿರುತ್ತೆ, ನಂದ್ರಲ್ಲಿ ಎಲ್ಲಾ ಕಡೆ 0, ಕ್ರ್ಯಾಶ್ ಆದಾಗ ವಿಂಡೋಸ್ ಫೈಲ್ ಬರೆದಿಡೋ ಮಿನಿಡಂಪ್ ಫೋಲ್ಡರ್ರೂ ಖಾಲಿ. ಅಂದ್ರೆ ವಿಂಡೋಸ್‌ಗೆ ಏನಾಯ್ತು ಅಂತ ಬರ್ಕೊಳ್ಳೋಕೂ ಟೈಮ್ ಸಿಕ್ಕಿಲ್ಲ, ಕರೆಂಟೇ ಹೋಗಿರೋ ಹಾಗಿದೆ, ಡ್ರೈವರ್ ತೊಂದ್ರೆ ಆಗಿದ್ರೆ ಸಾಮಾನ್ಯವಾಗಿ ಬ್ಲೂ ಸ್ಕ್ರೀನ್ ಬಂದು ಒಂದು ನಂಬರ್ ಬಿಟ್ಟು ಹೋಗೋದು ಅಂತ ವಿವರಿಸಿದ್ರು. ಹಾಗಂತ ಅಲ್ಲಿಗೇ ತೀರ್ಮಾನ ಮಾಡ್ಲಿಲ್ಲ. ರಾತ್ರಿ ಪೂರ್ತಿ ಮೆಮ್‌ಟೆಸ್ಟ್ ಓಡಿಸಿ ರ‍್ಯಾಮ್ ಸರಿ ಇದೆ ಅಂತ ನೋಡ್ಕೊಂಡ್ರು, ಹೆಚ್‌ಡಬ್ಲ್ಯುಇನ್ಫೋದಲ್ಲಿ ಟೆಂಪರೇಚರ್ ಲಾಗ್ ತೆಗೆದು ಹೀಟ್ ಅಲ್ಲ ಅಂತ ತೋರಿಸಿದ್ರು. 2024ರಲ್ಲಿ ಇಂಟೆಲ್‌ನೋರೇ ಒಪ್ಕೊಂಡ್ರಲ್ಲ, 13, 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ವೋಲ್ಟೇಜ್ ಜಾಸ್ತಿ ಹೋಗಿ ಗೇಮ್ ಕ್ರ್ಯಾಶ್ ಆಗೋದು, ಬಯೋಸ್ ಅಪ್‌ಡೇಟ್ ಕೊಟ್ಟು ವಾರಂಟೀನೂ ಎರಡು ವರ್ಷ ಜಾಸ್ತಿ ಮಾಡಿದ್ದು, ಅದೇನಾದ್ರೂ ನಂಗೂ ಇರ್ಬೋದಾ ಅಂತ ಕೇಳ್ದೆ. ನಿಮ್ದು 12ನೇದು, ಆ ಲಿಸ್ಟಲ್ಲಿಲ್ಲ ಸರ್ ಅಂದ್ರು.

ಆಮೇಲೆ ಮಾಡಿದ್ದು ನಂಗೆ ತುಂಬಾ ಹಿಡಿಸ್ತು. ಫರ್‌ಮಾರ್ಕ್ ಅನ್ನೋ ಟೆಸ್ಟ್ ಸಾಫ್ಟ್‌ವೇರ್ ಹಾಕಿ ಕಾರ್ಡ್‌ಗೆ ಫುಲ್ ಲೋಡ್ ಕೊಟ್ರು, ಬೀಳ್ಲಿಲ್ಲ, ಅಂದ್ರೆ ಪಿಸಿ ಆಫ್ ಆಗ್ಲಿಲ್ಲ. ನನ್ನ ಗೇಮ್ ಹಾಕಿದ್ರು, ಬಿತ್ತು. ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ ಅದೇ ಗೇಮ್ ಬಿಟ್ರು, ಸಾಯಂಕಾಲದವರೆಗೂ ಬೀಳ್ಲೇ ಇಲ್ಲ. ಲಿಮಿಟ್ ವಾಪಸ್ 100ಕ್ಕೆ ತಂದು, ನನ್ನ 650 ವ್ಯಾಟ್ ಎಸ್‌ಎಂಪಿಎಸ್ (ಪಿಸಿ ಒಳಗಿನ ಪಾರ್ಟ್‌ಗಳಿಗೆಲ್ಲ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಬಿಚ್ಚಿ ಅವ್ರ ಟೆಸ್ಟಿಂಗ್‌ಗೆ ಇಟ್ಕೊಂಡಿರೋ 850 ವ್ಯಾಟ್‌ದು ಹಾಕಿದ್ರು, ಆಗ್ಲೂ ಬೀಳ್ಲಿಲ್ಲ. ಬೇರೆ ಯಾರೇ ಆಗಿದ್ರೂ ಇಲ್ಲಿಗೆ ಬಿಲ್ ಹಾಕೋರು. ಇವ್ರು ಹಳೇದನ್ನ ಮತ್ತೆ ಜೋಡಿಸಿದ್ರು! ಯಾಕೆ ಅಂದ್ರೆ ನನ್ನ ಪಿಸಿ ಜೋಡಿಸಿದೋರು ಕಾರ್ಡಿನ ಎರಡು 8 ಪಿನ್ ಸಾಕೆಟ್‌ಗೂ ಒಂದೇ ಕೇಬಲ್ಲಿನ ಎರಡು ಬಾಲ ಚುಚ್ಚಿದ್ರು, ಬರೀ ಕೇಬಲ್ ತೊಂದ್ರೆ ಆಗಿದ್ರೆ ನಿಮ್ಗೆ ಸುಮ್ನೆ ಎಸ್‌ಎಂಪಿಎಸ್ ಖರ್ಚು ಯಾಕೆ ಸರ್ ಅಂತ. ಎರಡು ಬೇರೆ ಬೇರೆ ಕೇಬಲ್ ಎಳೆದು ಹಳೇ ಎಸ್‌ಎಂಪಿಎಸ್‌ನಲ್ಲೇ ಓಡಿಸಿದ್ರು, ಮುಂಚೆಗಿಂತ ಜಾಸ್ತಿ ಹೊತ್ತು ತಡ್ಕೊಂಡು ಕೊನೆಗೆ ಬಿತ್ತು. ಆಗ್ಲೇ ಹೇಳಿದ್ದು, ಈಗ ನೀವು ಹೊಸದು ತಗೋಬೋದು ಅಂತ. ಸರಿ ಹೋಗಿದ್ದನ್ನ ಮತ್ತೆ ಕೆಡಿಸಿ ಖಾತ್ರಿ ಮಾಡ್ಕೊಳ್ಳೋ ಮೆಕ್ಯಾನಿಕ್‌ನ ನಾನು ಇದೇ ಮೊದ್ಲು ನೋಡಿದ್ದು.

ಕಾರಣಾನೂ ಅರ್ಥ ಆಗೋ ಹಾಗೆ ಹೇಳಿದ್ರು. 3080 ಕಾರ್ಡು 320 ವ್ಯಾಟ್‌ದು, ಕಂಪನಿಯೋರು 750 ವ್ಯಾಟ್ ಎಸ್‌ಎಂಪಿಎಸ್ ಹಾಕಿ ಅಂತಾನೇ ಹೇಳ್ತಾರೆ. ಆ 320 ಅನ್ನೋದು ಸರಾಸರಿ ಲೆಕ್ಕ, ಗೇಮಲ್ಲಿ ಸೀನ್ ಬದ್ಲಾಗೋವಾಗ ಮಿಲಿಸೆಕೆಂಡ್ ಲೆಕ್ಕದಲ್ಲಿ ಅದಕ್ಕಿಂತ ತುಂಬಾ ಮೇಲಕ್ಕೆ ಎಳೆಯುತ್ತೆ. ಪಂಪ್‌ಸೆಟ್ ಮೋಟ್ರು ಸ್ಟಾರ್ಟ್ ಆದಾಗ ತೋಟದ ಮನೆ ಬಲ್ಬು ಒಂದ್ಸಲ ಮಂಕಾಗಲ್ವಾ ಸರ್, ಹಂಗೇ ಅಂದ್ರು, ಮಂಡ್ಯದೋನಿಗೆ ಇದಕ್ಕಿಂತ ಬಿಡಿಸಿ ಹೇಳೋ ಅಗತ್ಯ ಇಲ್ಲ. ಆ ಎಳೆತ ತಡೀದೆ ಎಸ್‌ಎಂಪಿಎಸ್ ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಟ್ರಿಪ್ ಆಗುತ್ತೆ. ಫರ್‌ಮಾರ್ಕ್‌ನಲ್ಲಿ ಲೋಡ್ ಒಂದೇ ಸಮ ಇರುತ್ತೆ, ಅದಕ್ಕೆ ಅಲ್ಲಿ ಬೀಳ್ತಿರ್ಲಿಲ್ಲ. ಎಸ್‌ಎಂಪಿಎಸ್‌ಗಳಿಗೆ 2022ರಲ್ಲಿ ಬಂದ ಎಟಿಎಕ್ಸ್ 3.0 ಸ್ಟ್ಯಾಂಡರ್ಡಲ್ಲಿ ಇಂಥ ಸ್ಪೈಕ್ ತಡ್ಕೊಳ್ಳೋ ನಿಯಮಾನೇ ಸೇರಿಸಿದ್ದಾರೆ, ಹಾಗಾಗಿ ಹೊಸದು ತಗೊಳ್ಳೋವಾಗ ಬಾಕ್ಸ್ ಮೇಲೆ ಅದನ್ನ ನೋಡ್ಕೊಂಡೇ ತಗೊಂಡ್ವಿ.

ಯುಪಿಎಸ್ ತರಿಸಿದ್ದೂ ಸುಮ್ನೆ ಅಲ್ಲ. ನಂದು 600 ವಿಎ, ಅಂದ್ರೆ 360 ವ್ಯಾಟ್ ಅಷ್ಟೇ, ಗೇಮ್ ಆಡೋವಾಗ ನನ್ನ ಪಿಸಿ ಅದನ್ನ ದಾಟುತ್ತೆ. ಕರೆಂಟ್ ಹೋದಾಗೆಲ್ಲ ಪಿಸೀನೂ ಹೋಗ್ತಿದ್ದಿದ್ದು ಇದಕ್ಕೇ, ನಾನು ಇಷ್ಟು ದಿನ ಬ್ಯಾಟ್ರಿ ವೀಕ್ ಅನ್ಕೊಂಡಿದ್ದೆ. ಅವ್ರ ಹತ್ರಾನೇ ದೊಡ್ಡ ಯುಪಿಎಸ್ ಮಾರೋಕಿತ್ತು, ಆದ್ರೂ ಈಗ್ಲೇ ಬೇಡ ಸರ್, ಇದನ್ನ ವೈಫೈ ರೂಟರ್‌ಗೂ ಮಾನಿಟರ್‌ಗೂ ಇಟ್ಕೊಳ್ಳಿ, ಪಿಸೀನ ನೇರ ಪ್ಲಗ್‌ಗೆ ಹಾಕಿ ಅಂದ್ರು. ಇಂಥೋರು ಬದುಕ್ಬೇಕು.

ಚೆಕಿಂಗ್ ಚಾರ್ಜ್ 500 ತಗೊಂಡ್ರು, 750 ವ್ಯಾಟ್ ಗೋಲ್ಡ್ ಎಸ್‌ಎಂಪಿಎಸ್ 8,000 ಹತ್ರ ಆಯ್ತು, ಆನ್‌ಲೈನಲ್ಲಿ ಸ್ವಲ್ಪ ಕಮ್ಮಿಗೆ ಸಿಗ್ತಿತ್ತು ನಿಜ, ಆದ್ರೆ ಜಿಎಸ್‌ಟಿ ಬಿಲ್ ಕೊಟ್ಟು ಸೀರಿಯಲ್ ನಂಬರ್ ಬರೆದು, ವಾರಂಟಿಗೆ ಏನಾದ್ರೂ ಇದ್ರೆ ನಾವೇ ಕಳಿಸ್ತೀವಿ ಅಂದಿದ್ದಾರೆ. ಹಳೇದನ್ನ ನಾನು ಕೇಳದೇ ಇದ್ರೂ ವಾಪಸ್ ಕೊಟ್ರು. ಅವತ್ತಿಂದ ಇವತ್ತಿನವರೆಗೂ ಒಂದ್ಸಲಾನೂ ಬಿದ್ದಿಲ್ಲ.

ಕೊರತೆ ಏನಪ್ಪ ಅಂದ್ರೆ ನಿಧಾನ. ಅರ್ಜೆಂಟ್ ಅಂತ ಹೋದ್ರೆ ಆಗಲ್ಲ, ಪಿಸಿ ಬಿಟ್ಟು ಬರ್ಬೇಕು, ಮಧ್ಯೆ ಫೋನ್ ಮಾಡಿದ್ರೆ ಎತ್ತೋದು ಕಷ್ಟ, ಮೆಸೇಜ್ ಹಾಕಿದ್ರೆ ರಾತ್ರಿ ರಿಪ್ಲೈ ಬರುತ್ತೆ. ಕಾರ್ ನಿಲ್ಸೋಕೆ ಜಾಗ ಇಲ್ಲ. ಗ್ರಾಫಿಕ್ ಕಾರ್ಡ್, ಲ್ಯಾಪ್‌ಟಾಪ್ ಬೋರ್ಡಿನ ಚಿಪ್ ಲೆವೆಲ್ ಕೆಲ್ಸ ಮಾಡಲ್ಲ, ಅದಕ್ಕೆ ಹೋಗಿ ಜಗಳ ಆಡ್ಬೇಡಿ. ಮಂಡ್ಯ, ಮದ್ದೂರು ಕಡೆಯಿಂದ ಬಸ್ಸಲ್ಲಿ ತಗೊಂಡು ಹೋಗೋರು ಗ್ರಾಫಿಕ್ ಕಾರ್ಡ್ ಬಿಚ್ಚಿ ಬೇರೆ ಬಾಕ್ಸಲ್ಲಿ ಇಟ್ಕೊಂಡು ಹೋಗಿ, ಭಾರದ ಕಾರ್ಡು ಹಂಪ್‌ನಲ್ಲಿ ಎಗರಿದ್ರೆ ಮದರ್‌ಬೋರ್ಡ್ ಸ್ಲಾಟ್ ಮುರಿಯುತ್ತೆ.